ಕೊಯ್ದು ನೋಡದ ಗ್ರಂಥಿಗಳ ಬಗ್ಗೆ ನಿರ್ದೇಶಕರಿಗೆ

ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ಕುತ್ತಿಗೆ ಊದದ ಇಲಿಗಳಲ್ಲಿ ಬಾಯಿಯ ಕ್ಯಾನ್ಸರ್ ಹರಡಿರಲಿಲ್ಲವೆಂದು ಕಳೆದ ವಾರ ನೀವು ವರದಿ ಹೊರಡಿಸಿದಿರಿ. ಆ 'ಇಲ್ಲ'ವನ್ನು ದಾಖಲೆಯಲ್ಲಿ ಬರೆದವಳು ನಾನು. ನೋಡದೆ ಬರೆದೆ. ವರದಿಗೆ ಮುಂಚೆಯೇ ಎರಡು ಸಲ ನಿಮ್ಮ ಕೋಣೆಗೆ ಬಂದು ಇದನ್ನು ಹೇಳಿದೆ. "ಆಮೇಲೆ ನೋಡೋಣಮ್ಮ" ಎಂದಿರಿ. ಹಾಗಾಗಿ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ನಮ್ಮ ಪ್ರಯೋಗಾಲಯದಲ್ಲಿ ಇಲಿಯ ನಾಲಿಗೆಗೆ ಕ್ಯಾನ್ಸರ್ ಕೋಶಗಳನ್ನು ಚುಚ್ಚುತ್ತಾರೆ. ಅವು ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡ್‌ಗಳಿಗೆ, ಯಾವಾಗ ಇಳಿಯುತ್ತವೆ ಎಂಬುದೇ ಪ್ರಶ್ನೆ. ಗ್ರಂಥಿಯೆಂದರೆ ಸಾಸಿವೆ ಕಾಳಿನಷ್ಟು. ಅದನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಡುವುದು ಹದಿನಾಲ್ಕು ವರ್ಷಗಳಿಂದ ನನ್ನ ಕಸುಬು. ಕೆಲಸ ಮೈಮೇಲೆ ಬಿದ್ದಾಗ ನಮ್ಮಲ್ಲೊಂದು ರೂಢಿ ಬೆಳೆಯಿತು. ಊದಿದ್ದನ್ನು ಮಾತ್ರ ಕೊಯ್ಯುವುದು. ಉಳಿದದ್ದನ್ನು ಚಿಮಟದಲ್ಲಿ ಒತ್ತಿ, ಮೆತ್ತಗಿದ್ದರೆ 'ಇಲ್ಲ' ಎಂದು ಬರೆದು ಶೀಶೆಗೆ ಹಾಕುವುದು. ಎಂಥ ಬುದ್ಧಿವಂತಿಕೆ! ಚಿಮಟಕ್ಕೇ ಕಣ್ಣಿದ್ದರೆ ಅಷ್ಟು ದೊಡ್ಡ ಸೂಕ್ಷ್ಮದರ್ಶಕ ಯಾರ ಅಲಂಕಾರಕ್ಕೆ? ನಿಮಗೂ ಈ ರೂಢಿ ಗೊತ್ತಿತ್ತು. ಕೆಲಸ ಬೇಗ ಮುಗಿಯುತ್ತದೆಂದು ನನ್ನನ್ನು ಸಭೆಯಲ್ಲಿ ಹೊಗಳಿದ್ದೂ ನೀವೇ.

ನನ್ನ ಅಕ್ಕ ಟೈಲರ್. ಅವಳ ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿ, ಅದು ಕ್ಯಾನ್ಸರ್ ಎಂದಾಯಿತು. ನಾಲಿಗೆಯ ಆ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುವ ಮುನ್ನ ವೈದ್ಯರು ಕುತ್ತಿಗೆಯನ್ನು ಬೆರಳಲ್ಲಿ ಒತ್ತಿ, "ಕೈಗೇನೂ ಸಿಗ್ತಿಲ್ಲ. ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಸೋದಾ, ಕಾದು ನೋಡೋದಾ, ನೀವೇ ಹೇಳಿ" ಎಂದರು. ಅಕ್ಕ ನನ್ನ ಕಡೆ ತಿರುಗಿದಳು. "ನೀನು ದಿನಾ ಇದನ್ನೇ ನೋಡೋಳು. ಏನ್ ಮಾಡ್ಲೇ?"

"ಊದದೇ ಇದ್ರೆ ಇರಲ್ಲ ಅಕ್ಕ. ನಮ್ಮಲ್ಲೂ ಅಷ್ಟೇ," ಎಂದೆ.

ಅಕ್ಕ ಗ್ರಂಥಿಗಳನ್ನು ತೆಗೆಸಲಿಲ್ಲ. ಎಂಟು ತಿಂಗಳಿಗೆ ದವಡೆಯ ಕೆಳಗೆ ಗಂಟು ಎದ್ದಿತು. ಒಂದು ಬದಿಯ ಗ್ರಂಥಿಗಳನ್ನೆಲ್ಲ ತೆಗೆದರು. ಅಲ್ಲಿನ ನರಕ್ಕೆ ಪೆಟ್ಟಾಗಿ, ಈಗ ಅವಳ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಕ್ಯಾನ್ಸರ್ ಮತ್ತೆಲ್ಲಿಗೆ ಹೋಗಿದೆಯೋ, ಹೇಳುವವರಿಲ್ಲ. ಅವಳು ಬೈಯಲಿಲ್ಲ. "ನೀನು ನೋಡಿದ್ದೆ ಅಲ್ವಾ?" ಎಂದಷ್ಟೇ ಕೇಳಿದಳು.

ಮರುದಿನ ಶೀಶೆಗಳಿಂದ ಹನ್ನೆರಡು ಗ್ರಂಥಿಗಳನ್ನು ತೆಗೆದು ಕೊಯ್ದೆ. ಮೂರರ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಗುಂಪುಗಟ್ಟಿ ಕುಳಿತಿದ್ದವು. ಎರಡನೆಯ ಸಲ ನಾನು ನಿಮ್ಮ ಮೇಜಿನ ಮೇಲಿಟ್ಟದ್ದು ಅವುಗಳ ಸ್ಲೈಡ್‌ಗಳನ್ನೇ. ನೀವು ಅವುಗಳ ಮೇಲೆ ಕಡತ ಇಟ್ಟಿರಿ.

ವರದಿಯನ್ನು ಹಿಂಪಡೆಯಿರಿ. ಉಳಿದ ತೊಂಬತ್ತನಾಲ್ಕು ಗ್ರಂಥಿಗಳನ್ನೂ ಕೊಯ್ಯಲು ಅಪ್ಪಣೆ ಕೊಡಿ. ತಪ್ಪಿತಸ್ಥಳೆಂದು ನನ್ನ ಹೆಸರನ್ನೇ ಬರೆಯಿರಿ, ತಕರಾರಿಲ್ಲ. ಶುಕ್ರವಾರದೊಳಗೆ ಶೀಶೆಗಳನ್ನು ಎಸೆದು ಕಪಾಟು ಖಾಲಿ ಮಾಡಬೇಕೆಂದು ನಿಮ್ಮ ಆದೇಶ ಬಂದಿದೆ. ಮಾಡುವುದಿಲ್ಲ. ನನ್ನ ಅಕ್ಕನಿಗೆ ತಡವಾಯಿತು. ಆದರೆ ಇಂದು ಯಾವುದೋ ಆಸ್ಪತ್ರೆಯಲ್ಲಿ ಇನ್ಯಾರೋ ಕುತ್ತಿಗೆ ಎತ್ತಿ ಕುಳಿತು, ಪಕ್ಕದಲ್ಲಿರುವ ತಂಗಿಯ ಮುಖ ನೋಡುತ್ತಿದ್ದಾಳೆ.

ಇಂತಿ,
ಹದಿನಾಲ್ಕು ವರ್ಷ ವಿಧೇಯಳಾಗಿದ್ದು ಸಾಕಾದ,
ನಿಮ್ಮ ಸ್ಲೈಡ್ ಕೊಯ್ಯುವವಳು