ಕೇಳದೆ ಬಿಟ್ಟ ಪ್ರಶ್ನೆ

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ಮೈದುನನ ಹೆಂಡತಿಯಾಗಿ ಮನೆಗೆ ಬಂದ ದಿನವೇ ನೀನು ನನ್ನನ್ನು ಅಕ್ಕಾ ಎಂದೆ. ಅವತ್ತು ಖುಷಿಯಾಗಿತ್ತು. ಆಮೇಲೆ ನಿನ್ನನ್ನು ಕಂಡು ಒಳಗೊಳಗೇ ಉರಿದುಕೊಂಡೆ. ಅದನ್ನು ಹೇಳಲು ಕೂತಿದ್ದೇನೆ. ಫೋನಿನಲ್ಲಾದರೆ ಮಾತು ತಿರುಗಿಸಿಬಿಡುತ್ತೇನೆ.

ಈ ಮೂಳೆ ವಾರ್ಡಿನಲ್ಲಿ ನಾನು ಇಪ್ಪತ್ತು ವರ್ಷದಿಂದ ನರ್ಸ್. ಆಪರೇಷನ್ ಆದವರನ್ನು ಮರುದಿನವೇ ಬೈದು ಎಬ್ಬಿಸಿ ನಡೆಸಿದವಳು, ಟೇಪು ಹಿಡಿದು ಮೀನಖಂಡ ಅಳೆದವಳು, ಊತ ಕಂಡರೆ ಡಾಕ್ಟರ ಬೆನ್ನು ಬಿಡದವಳು. ನೀನು ಆರೋಗ್ಯ ಇಲಾಖೆಯ ಕುರ್ಚಿಯಲ್ಲಿ ಕೂತು ಲೆಕ್ಕ ತೆಗೆದೆ: ವರ್ಷಕ್ಕೆ ಸಾವಿರದಲ್ಲಿ ಒಬ್ಬರಿಗಾದರೂ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅವರಲ್ಲಿ ಸುಮಾರು ಅರ್ಧ ಜನ ಆಸ್ಪತ್ರೆಯಲ್ಲಿದ್ದವರು ಇಲ್ಲವೇ ಆಗಷ್ಟೇ ಅಲ್ಲಿಂದ ಮನೆಗೆ ಹೋದವರು, ಬಹಳಷ್ಟನ್ನು ಮೊದಲೇ ತಡೆಯಬಹುದು. ಅದಕ್ಕೊಂದು ಫಾರಂ ಮಾಡಿದೆ. ಸೇರಿದ ದಿನವೇ ಪ್ರತಿಯೊಬ್ಬರಿಗೂ ಎಂಟು ಪ್ರಶ್ನೆ. ಅಪಾಯವಿದ್ದವರಿಗೆ ಹೆಪ್ಪು ತಡೆಯುವ ಇಂಜೆಕ್ಷನ್. ಪೇಪರಿನಲ್ಲಿ ನಿನ್ನ ಫೋಟೋ ಬಂತು. ಅತ್ತೆ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದರು. "ನಮ್ಮ ಚಿಕ್ಕವಳು ಎಷ್ಟು ಜನರ ಜೀವ ಉಳಿಸ್ತಾಳೆ ನೋಡು" ಎಂದು ನನಗೇ ಹೇಳಿದರು. ಹಾಲು ತೆಗೆಯಲು ಹೋದಾಗಲೆಲ್ಲ ನಿನ್ನ ನಗುಮುಖ.

ಫಾರಂ ಕಟ್ಟು ವಾರ್ಡಿಗೆ ಬಂದಾಗ ಕಪಾಟಿನಲ್ಲಿ ಬೆಡ್‌ಶೀಟುಗಳ ಕೆಳಗೆ ತಳ್ಳಿಟ್ಟೆ. ಕಿರಿಯ ನರ್ಸ್ ಕೇಳಿದ್ದಕ್ಕೆ, "ನನ್ನ ಕಣ್ಣಿಗಿಂತ ಆ ಕಾಗದಕ್ಕೆ ಜಾಸ್ತಿ ಕಾಣ್ಸುತ್ತಾ?" ಎಂದೆ.

ಹೋದ ತಿಂಗಳು ಬೇಕರಿ ನಡೆಸುವಾಕೆಯೊಬ್ಬಳು ಬಂದಳು. ಮೆಟ್ಟಿಲು ಜಾರಿ ಕಣಕಾಲು ಮುರಿದಿತ್ತು. ವಾಚಾಳಿ, ಇದ್ದ ಎರಡು ದಿನವೂ ವಾರ್ಡನ್ನೆಲ್ಲ ನಗಿಸಿದಳು. ಪ್ಲಾಸ್ಟರ್ ಹಾಕಿದ ಮೇಲೆ ಬೆರಳುಗಳ ಬಣ್ಣ ನೋಡಿದೆ, ತೊಡೆ ಮುಟ್ಟಿ ನೋಡಿದೆ, ಎಲ್ಲ ಸರಿಯಿತ್ತು. ಮನೆಗೆ ಕಳಿಸಿದೆವು. ಆರನೆಯ ದಿನ ಗಂಡ ಅವಳನ್ನು ಎತ್ತಿಕೊಂಡೇ ಬಂದ. ಉಸಿರು ಸಿಗುತ್ತಿರಲಿಲ್ಲ, ತುಟಿ ನೀಲಿಯಾಗಿತ್ತು. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿತ್ತು.

ನಾಲ್ಕು ದಿನ ಐಸಿಯುನಲ್ಲಿದ್ದಳು. ಬದುಕಿದಳು. ವಾರ್ಡಿಗೆ ಮರಳಿದ ಮೇಲೆ ಅವಳ ಪಕ್ಕ ಕೂತು ನಿನ್ನ ಫಾರಂ ಮೊದಲ ಸಲ ಓದಿದೆ. ಮೂರನೆಯ ಪ್ರಶ್ನೆ, ಮನೆಯವರಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು. ಕೇಳಿದೆ.

"ಅಮ್ಮನಿಗೆ, ಸಿಸ್ಟರ್. ತಮ್ಮ ಹುಟ್ಟಿದ ವಾರಕ್ಕೆ ಕಾಲು ಊದ್ಕೊಂಡು, ಉಸಿರು ಕಟ್ಟಿ ಹೋಗ್ಬಿಟ್ಳು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ನನ್ನ ಕೈ ಹಿಡಿದುಕೊಂಡೇ ಹೇಳಿದಳು. ಆಗ ನನ್ನಿಂದ ತಡೆಯಲಾಗಲಿಲ್ಲ. ಕೇಳಬೇಕಿದ್ದವಳು ನಾನೇ, ಕಾಗದ ಬಚ್ಚಿಟ್ಟವಳೂ ನಾನೇ ಎಂದುಬಿಟ್ಟೆ. ಕೈ ಬಿಟ್ಟು ಗೋಡೆ ಕಡೆ ತಿರುಗಿಕೊಂಡಳು. ಗೋಡೆ ನೋಡಿಕೊಂಡೇ, "ಪಕ್ಕದ ಬೆಡ್ಡಿನವರನ್ನ ಕೇಳಿದ್ರಾ?" ಎಂದಳು.

ಇಪ್ಪತ್ತಾರು ಹಾಸಿಗೆಗೂ ಹೋಗಿ ಕೇಳಿದೆ. ಐವರಿಗೆ ಇಂಜೆಕ್ಷನ್ ಬೇಕಿತ್ತು. ಅವರಲ್ಲಿ ಇಬ್ಬರು ನನ್ನ ಕಣ್ಣಿಗೆ ಗಟ್ಟಿಮುಟ್ಟಾಗಿದ್ದವರು. ಸಂಜೆ ಮುಖ್ಯ ವೈದ್ಯರಿಗೆ, ಫಾರಂ ಬಚ್ಚಿಟ್ಟಿದ್ದನ್ನೂ ಸೇರಿಸಿ, ಎಲ್ಲ ಬರೆದುಕೊಟ್ಟೆ. ನನ್ನ ಕೈಲಿದ್ದ ವಾರ್ಡಿನ ಜವಾಬ್ದಾರಿ ಈಗ ಆ ಕಿರಿಯ ನರ್ಸಿನದು. ಅವಳು ಹೇಳಿದ ಕೆಲಸ ಮಾಡುತ್ತೇನೆ, ಅಷ್ಟೇ.

ಹೊಟ್ಟೆಕಿಚ್ಚು ಹೋಯಿತೇ ಎಂದು ಮಾತ್ರ ಕೇಳಬೇಡ. ನನ್ನ ಕೈಗೆ ಸಿಕ್ಕ ಕಾಲುಗಳನ್ನಷ್ಟೇ ನಾನು ಕಾಯಬಲ್ಲೆ. ನೀನು ಕಣ್ಣಲ್ಲೂ ಕಾಣದವರನ್ನು ಕಾಯುತ್ತೀಯಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಚುಚ್ಚಿದರೂ ದಿನಾ ಎಂಟು ಪ್ರಶ್ನೆ ಕೇಳುತ್ತಿದ್ದೇನೆ.

ಇಂತಿ,
ನಿನ್ನ ವಾರಗಿತ್ತಿ

ತಾ.ಕ.: ಈ ಫಾರಂನಿಂದ ನರ್ಸುಗಳ ಸಮಯ ಹಾಳು ಎಂದು ನಿಮ್ಮ ನಿರ್ದೇಶಕರಿಗೆ ಸಹಿಯಿಲ್ಲದ ದೂರು ಹೋಗಿ, ಸಣ್ಣ ಆಸ್ಪತ್ರೆಗಳಿಗೆ ಅದನ್ನು ಕಳಿಸುವುದೇ ನಿಂತಿತ್ತಲ್ಲ. ಅವತ್ತು ನೀನು ನಮ್ಮ ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ನಾನು ಟೀ ಮಾಡಿಕೊಟ್ಟು ಸಮಾಧಾನ ಹೇಳಿದೆ. ದೂರು ಬರೆದವಳು ನಾನು. ಇವತ್ತು ಬೆಳಿಗ್ಗೆ ನಿಮ್ಮ ಕಚೇರಿಗೇ ಹೋಗಿ, ಅದನ್ನು ಹಿಂದಕ್ಕೆ ಪಡೆಯುವ ಪತ್ರವನ್ನು ಸಹಿ ಹಾಕಿ ಕೊಟ್ಟು ಬಂದಿದ್ದೇನೆ. ನೀನು ಒಳಗಿದ್ದೆ. ನಾನು ನಿನ್ನ ಕೋಣೆಯ ಬಾಗಿಲವರೆಗೆ ಬಂದು ವಾಪಸ್ ಹೋದೆ.