ಸಾಲ್ವದೊರ್ ಲಾಡ್ಜ್ ಬಿಟ್ಟದ್ದು

ಮಂಗಳೂರು, ೮ ಫೆಬ್ರವರಿ ೧೯೩೧, ಭಾನುವಾರ ರಾತ್ರಿ

ನನ್ನ ಹಸುಗೂಸು ಫ್ಲಾವಿಯಾಳ ಜ್ವರ ಬಿಟ್ಟಿದೆ. ಮಗು ಹಾಲು ಕುಡಿದು ಮಲಗಿದೆ. ದೇವರ ಉಪಕಾರ ದೊಡ್ಡದು. ಇವತ್ತು ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ನಿಂತ ಧರ್ಮತಂದೆ ನನ್ನ ತಮ್ಮ ಸಾಲ್ವದೊರನೇ.

ಮೊನ್ನೆಯವರೆಗೆ ನನಗೆ ಆ ಭರವಸೆ ಇರಲಿಲ್ಲ. ಬೊಂಬಾಯಿಯಲ್ಲಿದ್ದಾಗ ಅವನು ಫ್ರೀಮೇಸನರೆಂಬ ಗುಟ್ಟಿನ ಸಂಘದ ಲಾಡ್ಜಿಗೆ ಸೇರಿದ್ದ. ಅಂಥವರಿಗೆ ನಮ್ಮ ಇಗರ್ಜಿಯಲ್ಲಿ ಸತ್ಪ್ರಸಾದವೂ ಇಲ್ಲ, ಧರ್ಮತಂದೆಯಾಗುವ ಹಕ್ಕೂ ಇಲ್ಲ. ಅದನ್ನು ಬಿಟ್ಟು ಬಾ ಅಂತ ಮೊನ್ನೆ ಪಾದ್ರಿಗಳು ಕರೆದು ಹೇಳಿದರೆ ಇವನು ಸೆಟೆದು ನಿಂತ.

"ಅಲ್ಲಿಯ ಗುಟ್ಟು ಕೇಳಿದರೆ ನಾನು ಬಾಯಿ ಬಿಡುವುದಿಲ್ಲ ಫಾದರ್."

ಪಾದ್ರಿಗಳು ನಕ್ಕೇಬಿಟ್ಟರು. "ನಿನ್ನ ಗುಟ್ಟು ಯಾರಿಗೆ ಬೇಕು ಮಾರಾಯ? ನೀನು ಬಾ, ಸಾಕು."

ಅಲ್ಲೇ ರಾಜೀನಾಮೆ ಬರೆದ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅತ್ತ. ಅವನಿಗೆ ಸಿಡುಬು ಬಂದಾಗ ಬಿಡಾರದವರೆಲ್ಲ ಓಡಿದ್ದರಂತೆ. ಲಾಡ್ಜಿನ ಪೆಸ್ತೊನ್‌ಜಿ ಎಂಬ ಪಾರ್ಸಿಯವರು ಮಾತ್ರ ಪಕ್ಕದಲ್ಲಿ ಕೂತು ಗಂಜಿ ಕುಡಿಸಿ ಉಳಿಸಿಕೊಂಡರಂತೆ.

"ಇನ್ನು ಅವರಿಗೆ ಹೇಗೆ ಮುಖ ತೋರಿಸಲಿ ಅಕ್ಕಾ?"

ಅವರಿಲ್ಲದಿದ್ದರೆ ಇವತ್ತು ಮಗುವನ್ನು ಎತ್ತಲು ಮಾವನೇ ಇರುತ್ತಿರಲಿಲ್ಲ.

ಬೆಳಿಗ್ಗೆ ನಾನೇ ಅವರಿಗೆ ಕಾಗದ ಬರೆಯುತ್ತೇನೆ. ಮೊದಲು ಮನೆಯವರ ಆರೋಗ್ಯ ಕೇಳಬೇಕು, ಆಮೇಲೆ ಮಗುವಿನ ಸುದ್ದಿ. ಇಗರ್ಜಿಯ ಮಾತಿಗೆ ನಾವು ತಲೆಬಾಗಿದ್ದೇವೆ ಅಂತ ಮುಚ್ಚದೆ ಹೇಳಬೇಕು. ಮಂಗಳೂರಿಗೆ ಬಂದರೆ ನಮ್ಮಲ್ಲೇ ಇಳಿಯಬೇಕು, ನಾನೇ ಮೀನು ಕಾಯಿಸಿ ಬಡಿಸುತ್ತೇನೆ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಆಗಲಿ, ಅವನಿಗೆ ಬೇಗ ಒಂದು ಸಾಲು ಬರೆಯಿರಿ, ಪೆಸ್ತೊನ್‌ಜಿ ಅಣ್ಣಾ...