ಎಂಟು ಗುರುತಿನ ಸೀಸೆ

ಶ್ರೀ ವೀರಭದ್ರ ಪ್ರಸನ್ನ

ನರಸಿಂಹರಾಜಪುರ
ಮಂಗಳವಾರ, ೧೧ ಮೇ ೧೯೪೩

ನನ್ನ ಮುದ್ದು ಪ್ರೇಮಾ, ಹಟಮಾರಿ ಪ್ರೇಮಾ,

ಇತ್ತ ನಾವೆಲ್ಲ ಕ್ಷೇಮ. ಅತ್ತ ನಿನ್ನ ಕ್ಷೇಮಕ್ಕೆ ಬರೆ ಎಂದು ಕೇಳುವ ಹಾಗಿಲ್ಲ. ಕ್ಷೇಮವಾಗಿಲ್ಲವೆಂದು ನೀನೇ ಬರೆದಿದ್ದೀಯ. ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂದಾಗ ಯಾರದೋ ರವಿಕೆ ಹೊಲಿಯುತ್ತಿದ್ದೆ. ಓದಿದ ಮೇಲೆ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಕೂಡಿಸಿ, ಸಾಯಂಕಾಲವೆಲ್ಲ ಬಿಚ್ಚುತ್ತ ಕೂತೆ.

ಮೂರು ಪುಟದ ಕಾಗದ. ಅದರಲ್ಲಿ ಸಂಗೀತ ಶಾಸ್ತ್ರದ ಮೂರು ಪ್ರಶ್ನೆ. ಕೊನೆಗೆ ಮೂಲೆಯಲ್ಲಿ, ಇರುವೆ ಕಾಲಿನಂಥ ಅಕ್ಷರದಲ್ಲಿ ಎರಡು ಸಾಲು. ಜ್ವರ ದಿನ ಬಿಟ್ಟು ದಿನ ಬರುತ್ತಿದೆಯಂತೆ. ಕ್ವಿನೈನ್ ಕುಡಿದರೆ ನಿನ್ನ ಈ ಚಿಕ್ಕಮ್ಮನ ಹಾಗೆ ಕಿವಿ ಹೋಗುತ್ತದೆಂದು ಅಜ್ಜಿ ಅದನ್ನು ಚೆಲ್ಲುತ್ತಾಳಂತೆ, ನೀನು ನೋಡಿಯೂ ಸುಮ್ಮನಿದ್ದೀಯಂತೆ, ಅಪ್ಪನಿಗೆ ಹೇಳಬಾರದಂತೆ. ಹೇಳಬಾರದಂತೆ! ಎಂಥ ಬುದ್ಧಿವಂತೆ ಮಾರಾಯ್ತಿ ನೀನು. ಜಾವಾ ಸೀಮೆ ಜಪಾನಿನವರ ಕೈಗೆ ಹೋದ ಮೇಲೆ ಕ್ವಿನೈನ್ ಎನ್ನುವುದು ಕಣ್ಣಿಗೆ ಹಚ್ಚಲೂ ಸಿಗುವುದಿಲ್ಲ. ಷಡಕ್ಷರಿ ಭಾವ ಶಿವಮೊಗ್ಗದ ತನಕ ಅಲೆದು, ಯಾರ್ಯಾರ ಕಾಲು ಹಿಡಿದು ತಂದ ಔಷಧಿ ಅದು. ಅವರಿಗೆ ಇರುವವಳು ನೀನೊಬ್ಬಳೇ ಮಗಳು.

ನಿನಗೆ ಮದರಾಸಿನ ಕಾಲೇಜಿನ ಚಿಂತೆ, ಗೊತ್ತು. ಜೂನ್ ಹದಿನೈದಕ್ಕೆ ಅವರೆದುರು ಕೂತು ಹಾಡಬೇಕು, ಕೇಳಿದ್ದಕ್ಕೆಲ್ಲ ಶಾಸ್ತ್ರ ಹೇಳಬೇಕು. ಇನ್ನು ಐದು ವಾರ. ಅದಕ್ಕೇ ಮೊದಲು ನಿನ್ನ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಇಲ್ಲದಿದ್ದರೆ ನೀನು ಮುನಿಸಿಕೊಂಡು ಮುಂದಿನದನ್ನು ಓದುವುದಿಲ್ಲ, ನನ್ನ ವಂಶವಲ್ಲವೇ. ನನಗೂ ಸ್ವಲ್ಪ ಧೈರ್ಯ ಬರಲಿ. ಬರೆಯಬೇಕಾದದ್ದು ಸುಲಭದ್ದಲ್ಲ.

ಹನ್ನೆರಡು ಸ್ವರಸ್ಥಾನಕ್ಕೆ ಹದಿನಾರು ಹೆಸರು ಏಕೆ ಎಂದು ಕೇಳಿದ್ದೀಯ. ನಿನ್ನಜ್ಜಿಯನ್ನು ನೋಡು. ನನಗೆ ಅಮ್ಮ, ನಿನಗೆ ಅಜ್ಜಿ, ನಿನ್ನಪ್ಪನಿಗೆ ಅತ್ತೆ. ಕೂರುವ ಮಣೆ ಒಂದೇ, ಕರೆಯುವ ಹೆಸರು ಬೇರೆ. ಹಾಗೆಯೇ ಚತುಶ್ರುತಿ ರಿಷಭವೂ ಶುದ್ಧ ಗಾಂಧಾರವೂ ಇರುವುದು ಒಂದೇ ಸ್ಥಾನದಲ್ಲಿ. ಅದರ ಹಿಂದೆ ಆಗಲೇ ಒಂದು ರಿಷಭ ಬಂದಿದ್ದರೆ ಇದನ್ನು ಗಾಂಧಾರ ಎನ್ನಬೇಕು. ಮುಂದೆ ಗಾಂಧಾರ ಬರುವುದಿದ್ದರೆ ಇದೇ ರಿಷಭ. ಇಂಥ ಜೋಡಿ ಹೆಸರು ನಾಲ್ಕು ಕಡೆ ಬರುತ್ತವೆ, ರಿ-ಗದಲ್ಲಿ ಎರಡು, ಧ-ನಿಯಲ್ಲಿ ಎರಡು. ಹನ್ನೆರಡಕ್ಕೆ ನಾಲ್ಕು ಕೂಡಿಸಿಕೋ. ಬಾಯಿಪಾಠ ಮಾಡಬೇಡ, ನೆಂಟಸ್ತನ ತಿಳಿದುಕೋ.

ಉಳಿದ ಐದು ಸ್ವರಕ್ಕೆ ಬೇರೆ ಬೇರೆ ಭೇದಗಳಿರುವಾಗ ಸ ಮತ್ತು ಪ ಮಾತ್ರ ಕದಲದೆ ಏಕೆ ಇವೆ? ಇದನ್ನು ನಾನೂ ನಿನ್ನ ವಯಸ್ಸಿನಲ್ಲಿ ಕೇಳಿದ್ದೆ. "ತಂಗೀ, ತಂಬೂರಿಯಲ್ಲಿ ಮೀಟುವುದು ಅವೆರಡನ್ನೇ. ಎಲ್ಲರೂ ಅಲ್ಲಾಡಿದರೆ ಯಾರು ಎಷ್ಟು ಅಲ್ಲಾಡಿದರು ಅಂತ ಹೇಳೋರು ಯಾರು?" ಎಂದಿದ್ದರು ನನಗೆ ಹೇಳಿಕೊಟ್ಟವರು. ಪರೀಕ್ಷೆಯಲ್ಲಿ ನೀನು ಪ್ರಕೃತಿ ಸ್ವರ, ವಿಕೃತಿ ಸ್ವರ ಎಂದು ಶಾಸ್ತ್ರೋಕ್ತವಾಗಿಯೇ ಹೇಳು. ಮನಸ್ಸಿನಲ್ಲಿ ಮಾತ್ರ ಈ ಮಾತು ಇಟ್ಟುಕೋ.

ಮೂರನೆಯದು ಆದಿತಾಳ. ಎರಡನೇ ಕಾಲಕ್ಕೆ ಹೋದಾಗ ಕೈ ಓಡುತ್ತದೆಯೋ ಸ್ವರ ಓಡುತ್ತದೆಯೋ ಎಂದು ಕೇಳಿದ್ದೀಯ. ಕೈ ಓಡಕೂಡದು. ಲಘುವಿಗೆ ಒಂದು ತಟ್ಟು, ಮೂರು ಬೆರಳು. ಆಮೇಲೆ ಎರಡು ದ್ರುತ, ಒಂದೊಂದಕ್ಕೂ ಒಂದು ತಟ್ಟು, ಅಂಗೈ ಮಗುಚುವ ಒಂದು ಹುಸಿ. ನಾಲ್ಕು, ಎರಡು, ಎರಡು. ಒಟ್ಟು ಎಂಟು. ನನಗೆ ಇದನ್ನು ಕಲಿಸಿದ್ದು ಒಂದು ಔಷಧಿ ಸೀಸೆಯಿಂದ. ಆಸ್ಪತ್ರೆಯ ಸೀಸೆಯ ಪಕ್ಕಕ್ಕೆ ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಾರಲ್ಲ, ಒಂದು ಸಲಕ್ಕೆ ಒಂದು ಗುರುತು ಕುಡಿಯಬೇಕೆಂದು, ಅದರಲ್ಲಿ ಎಂಟು ಗುರುತು. "ಸೀಸೆ ದೊಡ್ಡದಾಗೋದಿಲ್ಲ, ಗುರುತೂ ಹೆಚ್ಚೋದಿಲ್ಲ. ಒಂದೊಂದು ಗುರುತಿನೊಳಗೆ ಒಂದು ಸ್ವರದ ಬದಲು ಎರಡು ಹಿಡಿಸಬೇಕು, ಅಷ್ಟೇ ಎರಡನೇ ಕಾಲ" ಎಂದಿದ್ದರು.

ಹೀಗೆಲ್ಲ ಹೇಳಿಕೊಟ್ಟವರು ಕಾಂಪೌಂಡರ್ ಪುಟ್ಟಯ್ಯನವರು. ಹೌದು ಪ್ರೇಮಾ, ಅದೇ ಪುಟ್ಟಯ್ಯ. ನಿಮ್ಮಜ್ಜಿ ಹೆಸರು ಹಿಡಿದು ಶಾಪ ಹಾಕುವ, "ನನ್ನ ಮಗಳ ಕಿವಿ ತಿಂದವನು" ಎನ್ನುವ ಪುಟ್ಟಯ್ಯ. ಇಷ್ಟು ದಿನ ನಿನಗೆ ಕಾಗದದಲ್ಲಿ ಕಲಿಸಿದ ಶಾಸ್ತ್ರವೆಲ್ಲ ಅವರದು. ಅವರ ಹೆಸರು ಬಿಟ್ಟು ಬರೆಯುತ್ತಿದ್ದೆ.

ಅವರು ಈ ಊರಿನ ಆಸ್ಪತ್ರೆಗೆ ಬಂದಾಗ ನನಗೆ ಹದಿನಾರು. ಮಠದಲ್ಲಿ ಕೇಳಿದ್ದು, ಮನೆಯಲ್ಲಿ ಕೇಳಿದ್ದು ಎಲ್ಲ ಹಾಡುತ್ತಿದ್ದೆ. ಆದರೆ ಹಾಡುತ್ತಿರುವುದು ಏನೆಂದು ಕೇಳಿದರೆ ಬ್ಬೆ ಬ್ಬೆ ಬ್ಬೆ. ಪುಟ್ಟಯ್ಯನವರು ಪಿಟೀಲು ಬಲ್ಲವರು. ಮಧ್ಯಾಹ್ನ ರೋಗಿಗಳು ಹೋದ ಮೇಲೆ ಆಸ್ಪತ್ರೆಯ ಜಗಲಿಯಲ್ಲಿ ಎರಡು ವರ್ಷ ಪಾಠ ಹೇಳಿದರು. ಬೈಯುವುದರಲ್ಲಿ ಬಲು ಗಟ್ಟಿಗರು. "ಗಂಟಲು ದೇವರು ಕೊಟ್ಟಿದ್ದು, ಅದಕ್ಕೇಕೆ ಜಂಭ? ತಾಳ ನೀನು ಸಂಪಾದಿಸಿದ್ದು ತೋರಿಸು" ಎನ್ನುವರು. ಮದರಾಸಿನ ಕಾಲೇಜಿಗೆ ಅರ್ಜಿ ಹಾಕಿಸಿದವರೂ ಅವರೇ. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಲು ಅಪ್ಪ ಒಪ್ಪದಿದ್ದಾಗ, ಇಪ್ಪತ್ತು ದಿನ ಬೆಳಿಗ್ಗೆ ನಮ್ಮ ಅಂಗಡಿ ಬಾಗಿಲಿಗೆ ಬಂದು ನಿಂತು ಒಪ್ಪಿಸಿದರು. ನಾನು ಹೋಗಬೇಕೆಂದು ನನಗಿಂತ ಅವರಿಗೇ ಹೆಚ್ಚು ಆಸೆಯಿತ್ತು.

ಹೊರಡಲು ತಿಂಗಳಿದ್ದಾಗ ಚಳಿಜ್ವರ ಬಂತು. ಪುಟ್ಟಯ್ಯನವರೇ ಸೀಸೆಗೆ ಪಟ್ಟಿ ಅಂಟಿಸಿ ಕೊಟ್ಟರು, ದಿನಕ್ಕೆ ಮೂರು ಗುರುತು, ಮುಗಿದಾಗ ಮತ್ತೆ ತುಂಬಿಸಿಕೊಳ್ಳಬೇಕು. ಎರಡು ದಿನ ಕುಡಿದೆ. ಮೂರನೇ ದಿನ ತಂಬೂರಿ ಮುಂದೆ ಕೂತರೆ ಕಿವಿಯೊಳಗೆ ಒಂದೇ ಸಮನೆ ಗುಂಯ್ ಎನ್ನುತ್ತಿದೆ. ತಂತಿಯ ಷಡ್ಜ ಒಂದು ಕಡೆ, ಕಿವಿಯದು ಇನ್ನೊಂದು ಕಡೆ. ಜೀವ ಹಾರಿಹೋಯಿತು. ಓಡಿಹೋಗಿ ಕೇಳಿದೆ. "ಇದು ಔಷಧಿ ಮೈಗೆ ಹತ್ತಿದ ಗುರುತು ಕಣಮ್ಮ. ಕುಡಿಯೋದು ಮುಗಿದ ನಾಲ್ಕಾರು ದಿನಕ್ಕೆ ತಾನಾಗೇ ಹೋಗುತ್ತೆ. ಜ್ವರ ಒಳಗೆ ಕೂತರೆ ಅದು ಹಾಗೆ ಹೋಗೋದಿಲ್ಲ" ಎಂದರು. ಎಷ್ಟು ಸ್ಪಷ್ಟವಾಗಿ ಹೇಳಿದರು! ನಾನು ತಲೆಯಾಡಿಸಿ ಮನೆಗೆ ಬಂದೆ. ಅವತ್ತಿನಿಂದ ಒಂದು ತೊಟ್ಟೂ ಕುಡಿಯಲಿಲ್ಲ.

ಓದಿದೆಯಾ? ಇನ್ನೊಂದು ಸಲ ಓದು. ನಾನು ಕ್ವಿನೈನ್ ಕುಡಿಯಲಿಲ್ಲ. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಮಾತು ಇದು.

ಅಮ್ಮ ಗ್ಲಾಸಿಗೆ ಬಗ್ಗಿಸಿಕೊಟ್ಟರೆ, "ಮುಖ ಕಿವುಚುವುದನ್ನು ನೀನು ನೋಡಬೇಡ" ಎಂದು ಬಚ್ಚಲಿಗೆ ಹೋಗಿ ಹಂಡೆಯ ಹಿಂದೆ ಸುರಿಯುತ್ತಿದ್ದೆ. ಬಿಸಿಲಿಗೆ ಹಿಡಿದರೆ ನೀಲಿ ಹೊಳೆಯುವ ಔಷಧಿ, ಕಲ್ಲಿನ ಮೇಲೆ ನೀರಿನಂತೆ ಹರಿದುಹೋಗುತ್ತಿತ್ತು. ಸೀಸೆಯಲ್ಲಿ ಗುರುತು ಸರಿಯಾಗಿಯೇ ಇಳಿಯುತ್ತಿತ್ತಲ್ಲ, ಯಾರಿಗೆ ಅನುಮಾನ? ಇದು ನಿನಗೆ ಔಷಧಿ ಕುಡಿಸಲು ಕಟ್ಟಿದ ಕಥೆ ಎಂದು ಅಜ್ಜಿ ಅಂದರೆ, ಬೆಲ್ಲದ ಮಾತು ಕೇಳು. ಮೊದಲೆರಡು ದಿನ ಔಷಧಿ ಆದ ಕೂಡಲೇ ಬೆಲ್ಲದ ಚೂರಿಗೆ ಕೈ ಚಾಚುತ್ತಿದ್ದವಳು ಆಮೇಲೆ ಬೇಡವೇ ಬೇಡ ಎಂದೆ. "ನನ್ನ ಗಂಗೆ ಎಂಥ ಗಟ್ಟಿಗಿತ್ತಿ, ಕ್ವಿನೈನ್ ಕುಡಿದು ಬೆಲ್ಲ ಕೇಳೋದಿಲ್ಲ" ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಅವಳಿಗೆ ಚೆನ್ನಾಗಿ ನೆನಪಿರುತ್ತದೆ. ಕಹಿಯೇ ಬಾಯಿಗೆ ಹೋಗದ ಮೇಲೆ ಬೆಲ್ಲ ಯಾವ ಬಾಯಿಂದ ಕೇಳಲಿ ಹೇಳು.

ಎರಡು ದಿನದಲ್ಲಿ ಗುಂಯ್ ನಿಂತಿತು. ನಿಷಾದ ನಿಲ್ಲಬೇಕಾದ ಕಡೆ ನಿಂತಿತು. ನನ್ನಂಥ ಜಾಣೆ ಇಲ್ಲವೆಂದುಕೊಂಡೆ. ದಾರಿಯಲ್ಲಿ ಪುಟ್ಟಯ್ಯನವರು "ಕಿವಿ ಹೇಗಿದೆ?" ಎಂದಾಗ "ಸರಿಯಾಯಿತು" ಎಂದೆ. ಅವರು ನಿಂತು ಒಂದು ಸಲ ನನ್ನ ಮುಖ ನೋಡಿದರು. ದಿನಾ ಕುಡಿಯುವವರ ಕಿವಿ ಅಷ್ಟು ಬೇಗ ಸರಿಯಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವತ್ತೇ ನನ್ನ ಕಪಾಳಕ್ಕೆ ಬಾರಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಒಂಬತ್ತನೇ ದಿನ ಜ್ವರ ತಿರುಗಿ ಬಂತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಆಮೇಲೆ ನಾಲ್ಕು ದಿನ ನನಗೆ ಪ್ರಜ್ಞೆಯೇ ಇಲ್ಲ. ಡಾಕ್ಟರು ಬಂದು ಸೂಜಿ ಚುಚ್ಚಿದರಂತೆ, ಜ್ವರ ನೆತ್ತಿಗೇರಿದೆ ಎಂದರಂತೆ. ಕಣ್ಣು ಬಿಟ್ಟಾಗ ಅಮ್ಮನ ತುಟಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಅತ್ತು ಅತ್ತು ಅವಳ ಗಂಟಲು ಕಟ್ಟಿದೆ ಎಂದುಕೊಂಡೆ. ಪಾಪ, ಅಮ್ಮನಿಗೆ ಸ್ವರ ಹೋಯಿತಲ್ಲ ಎಂದು ನಾನು ಅವಳಿಗಾಗಿ ಮರುಗಿದೆ.

ನನಗೆ ಮೊದಲು ಕಿವಿ ಗುಂಯ್ ಎಂದದ್ದು ಅಮ್ಮನಿಗೆ ಗೊತ್ತಿತ್ತು. ಡಾಕ್ಟರು ಎಷ್ಟು ಹೇಳಿದರೂ ಕೇಳದೆ, ಕಿವಿ ತೆಗೆದದ್ದು ಪುಟ್ಟಯ್ಯನ ಔಷಧಿಯೇ ಎಂದಳು. ಅಪ್ಪ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೂಗಾಡಿದರು, ಊರವರಿಂದ ಸಹಿ ಹಾಕಿಸಿ ಅರ್ಜಿ ಕಳಿಸಿದರು. ತಿಂಗಳೊಳಗೆ ಪುಟ್ಟಯ್ಯನವರಿಗೆ ವರ್ಗವಾಯಿತು. ಹೊರಡುವ ಮುಂಚೆ ನಮ್ಮ ಮನೆಗೆ ಬಂದರು. ಅಮ್ಮ ಕೂರು ಎನ್ನಲಿಲ್ಲ. ನಿಂತೇ ಸ್ಲೇಟಿನ ಮೇಲೆ ಬರೆದು ನನಗೆ ತೋರಿಸಿದರು: "ಕುಡಿದೆಯಾ?"

ನಾನು ಹೂಂ ಎಂದು ತಲೆಯಾಡಿಸಿದೆ.

ಅಮ್ಮನಿಗೆ ಓದಲು ಬಾರದು. ಆದರೂ ಅವರು ಅಂಗೈಯಿಂದ ಆ ಅಕ್ಷರವನ್ನು ಉಜ್ಜಿ ಅಳಿಸಿ, ಸ್ಲೇಟನ್ನು ನನ್ನ ಹಾಸಿಗೆಯ ಮೇಲಿಟ್ಟು ಹೋದರು. ಯಾರಿಗೂ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ಈಗ ಬೇಗಾರು ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಾರಂತೆ. ಇದು ನನಗೆ ಗೊತ್ತಾಗಿ ನಾಲ್ಕು ವರ್ಷವಾಯಿತು. ಹೋಗಿ ಕಾಲಿಗೆ ಬೀಳೋಣವೆಂದು ಎರಡು ಸಲ ಬಸ್ಸು ಹತ್ತಿ ಇಳಿದಿದ್ದೇನೆ.

ಏಕೆ ಸುಳ್ಳು ಹೇಳಿದೆ ಎಂದು ಕೇಳುತ್ತೀಯ. ನನ್ನ ಕಿವಿಯನ್ನು ನಾನೇ ಕಳೆದುಕೊಂಡೆ ಎನ್ನುವುದನ್ನು ಇಟ್ಟುಕೊಂಡು ಬದುಕಲು ಆಗಲಿಲ್ಲ ಪ್ರೇಮಾ. ಬೇರೆಯವರ ತಪ್ಪು ಎಂದರೆ ಎಲ್ಲರೂ ಮುದ್ದು ಮಾಡುತ್ತಿದ್ದರು, ಅಳಲು ಸುಲಭವಾಗುತ್ತಿತ್ತು. ಮೊದಮೊದಲು ನಾಚಿಕೆಯಿಂದ ಸುಮ್ಮನಿದ್ದೆ, ಆಮೇಲೆ ಅಭ್ಯಾಸದಿಂದ. ಅಪ್ಪ ಇದನ್ನು ತಿಳಿಯದೆಯೇ ತೀರಿಕೊಂಡರು. ಒಬ್ಬರ ಮರ್ಯಾದೆ ಕಳೆದದ್ದಲ್ಲದೆ ಆ ಸುಳ್ಳು ಈಗ ನಿನ್ನ ಜ್ವರಕ್ಕೂ ಬಂದು ಕೂತಿದೆ. ತಾಯಿಯಿಲ್ಲದ ನಿನ್ನನ್ನು ಸಾಕಿದ ಆ ಮುದುಕಿ, ಪ್ರೀತಿಗೆ ಕಟ್ಟುಬಿದ್ದು, ತನ್ನ ಕೈಯಾರೆ ನಿನ್ನ ಔಷಧಿ ಚೆಲ್ಲುತ್ತಿದ್ದಾಳೆ. ಅವಳ ತಪ್ಪಲ್ಲ. ಚೆಲ್ಲುತ್ತಿರುವವಳು ನಾನು.

ಈ ಕಾಗದ ತಂದುಕೊಡುವವನು ನಿನ್ನ ಸೋದರಮಾವ. ನಾಳೆ ಬೆಳಿಗ್ಗೆ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸಿಗೆ ಹೊರಡುತ್ತಾನೆ, ಅದು ಬಾಳೆಹೊನ್ನೂರಿನ ಏರಿನಲ್ಲಿ ನಿಂತರೂ ಮಧ್ಯಾಹ್ನದೊಳಗೆ ಕೊಪ್ಪ ಸೇರುತ್ತಾನೆ. ಅವನ ಚೀಲದಲ್ಲಿ ಒಂದು ಸೀಸೆ ಇದೆ. ಹನ್ನೊಂದು ವರ್ಷದ ಮೇಲೆ ಇವತ್ತು ಆಸ್ಪತ್ರೆಯ ಮೆಟ್ಟಿಲು ಹತ್ತಿ, ಬೇಡಿ ತಂದದ್ದು. ನಾನೇ ಬರಬಹುದಿತ್ತು. ಆದರೆ ನನ್ನ ದನಿ ನನಗೇ ಕೇಳದ ಮೇಲೆ ಅದು ಎಲ್ಲಿ ಏರುತ್ತದೆ, ಎಲ್ಲಿ ಮುರಿಯುತ್ತದೆ ಎಂದು ತಿಳಿಯುವುದಿಲ್ಲ. ಈ ಮಾತನ್ನು ಅಂಥ ದನಿಯಲ್ಲಿ ಅಮ್ಮನಿಗೆ ಹೇಳಲಾರೆ.

ಮೊದಲು ಮಾವನ ಎದುರಿಗೇ ಒಂದು ಗುರುತು ಕುಡಿ. ಕಿವಿ ಗುಂಯ್ ಎನ್ನುತ್ತದೆ, ಎನ್ನಲಿ. ಆ ದಿನಗಳಲ್ಲಿ ಹಾಡಬೇಡ, ಬರೀ ಶಾಸ್ತ್ರ ಓದು. ಜೂನ್ ಹದಿನೈದರೊಳಗೆ ಸರಿಯಾಗುತ್ತದೆ. ಒಂದು ವೇಳೆ ಆಗದಿದ್ದರೆ ಕಾಲೇಜು ಮುಂದಿನ ವರ್ಷವೂ ಅಲ್ಲೇ ಇರುತ್ತದೆ, ನೀನೂ ಇರುತ್ತೀಯ. ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟವಳು ನಾನೊಬ್ಬಳೇ ಸಾಕು.

ಕುಡಿದಾದ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಈ ಕಾಗದವನ್ನು ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿಹೇಳು. ನನಗೆ ನೋವಾಗುತ್ತದೆಂದು ಯಾವ ಸಾಲನ್ನೂ ಹಾರಿಸಬೇಡ. ಪುಟ್ಟಯ್ಯನವರ ಹೆಸರು ಬಂದಾಗ ಅವಳು ಕಿವಿ ಮುಚ್ಚಿಕೊಂಡರೆ ಕೈ ಬಿಡಿಸಿ ಓದು. ಅವಳು ಅಳಬಹುದು, ನನ್ನನ್ನು ಹಿಡಿಶಾಪ ಹಾಕಬಹುದು, ಹೆತ್ತ ಹೊಟ್ಟೆಗೆ ಬೆಂಕಿ ಬಿತ್ತು ಎನ್ನಬಹುದು. ತಡೆಯಬೇಡ. ಅವಳು ಬೈದದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದು ಕಳಿಸು. ನಮ್ಮಮ್ಮನ ಮಾತು ನನಗೆ ಕೇಳಿಸುವ ದಾರಿ ಅದೊಂದೇ.

ಔಷಧಿ ಗಂಟಲಿನಿಂದ ಕೆಳಗಿಳಿದ ಮೇಲೆ ಮಾತ್ರ ಸಲ್ಲುವ ನೂರು ವರ್ಷದ ಆಶೀರ್ವಾದಗಳೊಂದಿಗೆ,

ನಿನ್ನ ಚಿಕ್ಕಮ್ಮ
ಗಂಗಾಂಬಿಕೆ